ಮೂರನೆಯ ಕೂಗು

ಬಚ್ಚಲಿಗೆ ಹೋಗಿ ಎರಡು ಚೊಂಬು ನೀರು ಸುರಿದುಕೊಂಡ ಮೇಲೆಯೇ ಮೈ ಒರೆಸುವ ಬೈರಾಸು ತರಲು ಮರೆತದ್ದು ನೆನಪಾಗುವುದು ನನ್ನ ಜಾತಕದಲ್ಲೇ ಬರೆದ ದೋಷವಿರಬೇಕು. "ವಾರಿಜಾ" ಎಂದು ಕರೆಯುತ್ತೇನೆ. ಅಡುಗೆಮನೆಗೂ ಬಚ್ಚಲಿಗೂ ನಡುವೆ ಇರುವುದು ಒಂದು ಮಣ್ಣಿನ ಗೋಡೆ, ಅದರಲ್ಲೂ ಹೊಗೆ ಹೋಗಲೆಂದು ಬಿಟ್ಟ ಕಿಂಡಿ. ಆ ಕಡೆ ಸಾಸಿವೆ ಸಿಡಿದರೆ ಈ ಕಡೆ ನನಗೆ ಕೇಳುತ್ತದೆ. ಆದರೂ ಉತ್ತರವಿಲ್ಲ. ಎರಡನೆಯ ಸಲ ಕರೆದಾಗಲೂ ಕಾವಲಿಯ ಮೇಲೆ ದೋಸೆ ಚುಂಯ್ ಎನ್ನುವುದಷ್ಟೇ ಕೇಳಿಸುತ್ತದೆ. ಮೂರನೆಯ ಸಲ, ಚಳಿಗೆ ಹಲ್ಲು ಕಟಕಟಿಸುತ್ತಿರುವಾಗ, ನೆರೆಮನೆಯ ನಾಯಿ ಎದ್ದು ಬೊಗಳುವಷ್ಟು ಜೋರಾಗಿ ಕೂಗಿದ ಮೇಲೆ "ಓ" ಎಂಬ ನಿರುದ್ವಿಗ್ನ ಸ್ವರ ಕೇಳಿ, ಅದರ ಬೆನ್ನಿಗೇ ಬಾಗಿಲ ಸಂದಿಯಲ್ಲಿ ಬೈರಾಸು ಹಿಡಿದ ಕೈ ಕಾಣಿಸಿಕೊಳ್ಳುತ್ತದೆ. ಸ್ನೇಹಿತರೇ, ನೀವು ಗಮನಿಸಬೇಕಾದ್ದು ಆ ಕೈಯನ್ನು. ಮೂರನೆಯ ಕರೆಗೆ ಎದ್ದು, ಬೈರಾಸು ಹುಡುಕಿ, ಅಷ್ಟು ಬೇಗ ಬರಲು ಯಾರಿಂದಲೂ ಸಾಧ್ಯವಿಲ್ಲ. ಅಂದರೆ ಮೊದಲ ಕರೆಗೇ ಅವಳು ಎದ್ದಿದ್ದಾಳೆ, ಹಗ್ಗದ ಮೇಲಿನ ಬೈರಾಸು ತೆಗೆದುಕೊಂಡಿದ್ದಾಳೆ, ಬಾಗಿಲ ಹೊರಗೆ ಬಂದು ನಿಂತಿದ್ದಾಳೆ, ನಾನು ಇನ್ನೆರಡು ಸಲ ಕೂಗಲೆಂದು ಕಾದಿದ್ದಾಳೆ.

ಮದುವೆಯಾದ ಹೊಸದರಲ್ಲಿ ಇದಕ್ಕಾಗಿ ನಾನು ಎಷ್ಟು ರೇಗಿದ್ದೇನೆಂದು ಹೇಳಿದರೆ ನೀವು ಅವಳ ಪಕ್ಷ ವಹಿಸುತ್ತೀರಿ, ಆದ್ದರಿಂದ ಹೇಳುವುದಿಲ್ಲ. ಅವಳ ತವರು ಮೂಡುಬಿದಿರೆ. ಅಲ್ಲಿ ಅವಳ ತಾಯಿ ಹಾಲಿನ ಜೊತೆ ಕುಡಿಸಿದ ಪಾಠವೆಂದರೆ, ಒಂದು ಕರೆಗೆ ಓಗೊಡಬಾರದು. ಈ ಪಾಠ ಅವರೊಬ್ಬರದೇ ಅಲ್ಲ; ನಮ್ಮ ತುಳುವರ ನೆಲದಲ್ಲಿ ಹುಟ್ಟಿದ ಮಕ್ಕಳೆಲ್ಲ ಇದನ್ನು ಕೇಳಿಯೇ ಬೆಳೆದವರು. ನಿರ್ಜನವಾದ ಗುಡ್ಡದಲ್ಲೋ ಹೊಳೆಯ ಬದಿಯಲ್ಲೋ ನಡುಮಧ್ಯಾಹ್ನದ ಹೊತ್ತಿಗೆ ಯಾರಾದರೂ ಹೆಸರು ಹಿಡಿದು ಕರೆದರೆ ಸುಮ್ಮನಿರಬೇಕು. ಸತ್ತೂ ಹೋಗದೆ ಉಳಿದ ಜೀವಕ್ಕೆ, ನಾವು ಕುಲೆ ಎನ್ನುವ ಆ ಪ್ರೇತಕ್ಕೆ, ಒಂದೇ ಸಲ ಕರೆಯುವಷ್ಟು ಉಸಿರು. ಮೂರು ಸಲ ಕರೆಯುವುದು ಮನುಷ್ಯರಿಗೆ ಮಾತ್ರ ಸಾಧ್ಯ. ಕುಲೆ ಗುರುತಿನವರ ಸ್ವರದಲ್ಲೇ ಕರೆಯುತ್ತದಂತೆ. ಓಗೊಟ್ಟವನು ಅದರ ಹಿಂದೆ ಹೋಗುತ್ತಾನಂತೆ. ಸರಿ, ಇರಲಿ. ಆದರೆ ಹಾಡಹಗಲಿನಲ್ಲಿ, ಬಂಟ್ವಾಳದ ಪೇಟೆಯ ನಡುವೆ, ಬಚ್ಚಲಿನಲ್ಲಿ ನಿಂತು ಬೈರಾಸು ಕೇಳುವ ಕುಲೆ ಯಾವುದು ಎಂದು ನಾನು ವಾರಿಜಳನ್ನು ಕೇಳಿದ್ದುಂಟು. ಆ ಪ್ರಶ್ನೆಯನ್ನೂ ಮೂರು ಸಲ ಕೇಳಬೇಕಾಗಿ ಬಂದದ್ದರಿಂದ ಅಲ್ಲಿಗೇ ಬಿಟ್ಟೆ.

ಇದರಲ್ಲಿ ನಗುವಂಥದ್ದು ಇನ್ನೊಂದುಂಟು. ಮೂರು ಸಲ ಕೂಗುವುದೇ ನನ್ನ ಹೊಟ್ಟೆಪಾಡು. ನಾನು ಬಂಟ್ವಾಳದ ಕೋರ್ಟಿನಲ್ಲಿ ಜವಾನ. ರಾಜ್ಯ ಮದರಾಸಿನಿಂದ ಮೈಸೂರಿಗೆ ಬದಲಾಯಿತು, ಕಾಗದದ ಮೇಲಿನ ಮೊಹರು ಬದಲಾಯಿತು, ಮುನ್ಸೀಫರು ಬಂದರು, ಹೋದರು; ಕೋರ್ಟಿನ ಜಗಲಿಯ ಅಂಚಿಗೆ ಬಂದು ನಿಂತು, ಕೆಳಗಿನ ಮಾವಿನ ಮರದ ನೆರಳಲ್ಲಿ ವೀಳ್ಯ ಜಗಿಯುತ್ತ ಕುಳಿತ ಕಕ್ಷಿಗಾರರ ಹೆಸರನ್ನು ಮೂರು ಬಾರಿ ಕೂಗಿ "ಹಾಜರಿದ್ದಾರಾ?" ಎಂದು ಕೇಳುವ ನನ್ನ ಕೆಲಸ ಮಾತ್ರ ಹಾಗೆಯೇ ಉಳಿಯಿತು. ಗಂಟಲು ದೇವರು ಕೊಟ್ಟದ್ದು. ಹೊಳೆಯ ಆಚೆ ದಡದ ಪಾಣೆಮಂಗಳೂರಿನಲ್ಲಿ ಚಾ ಕುಡಿಯುತ್ತಿದ್ದವರು ನನ್ನ ಕೂಗು ಕೇಳಿ ಎದ್ದು ಬಂದರೆಂದು ವಕೀಲರು ತಮಾಷೆ ಮಾಡುತ್ತಿದ್ದರು. ಆದರೆ ನನ್ನ ಬಾಯಿಂದ ತಮ್ಮ ಹೆಸರು ಕೇಳಿ ಸಂತೋಷಪಟ್ಟವರನ್ನು ನಾನು ಆ ಜಗಲಿಯಿಂದ ಕಂಡವನಲ್ಲ. ಎಲೆಯಡಿಕೆ ಉಗುಳಿ, ಮುಂಡು ಸರಿಮಾಡಿಕೊಂಡು, ಬಿಳುಚಿದ ಮುಖದಲ್ಲಿ ಮೆಟ್ಟಿಲು ಹತ್ತುವವರನ್ನೇ ಕಂಡು ಕಂಡು, ಕರೆಯುವುದೆಂದರೆ ಒಬ್ಬರನ್ನು ನೆರಳಿನಿಂದ ಎಬ್ಬಿಸುವುದು ಎಂದೇ ನಾನು ತಿಳಿದುಬಿಟ್ಟಿದ್ದೆ.

ಹಾಗಿರುವಾಗ ಒಂದು ಆಟಿ ತಿಂಗಳಿನ ಜಡಿಮಳೆಗೆ ನೇತ್ರಾವತಿ ತುಂಬಿ ಪೇಟೆಯ ಕೆಳಗಿನ ಅಂಗಡಿಗಳಿಗೆ ನೀರು ನುಗ್ಗಿತು. ನಮಗೆ ಅದು ಹೊಸತಲ್ಲ. ಅಕ್ಕಿಮೂಟೆ ಅಟ್ಟಕ್ಕೇರಿಸಿ, ಇಳಿಯುವುದನ್ನು ಕಾದು, ಕೆಸರು ಬಳಿದು ಮತ್ತೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುವುದು ನಮ್ಮ ಕ್ರಮ. ಆದರೆ ಆ ಸಲ ಬಾಳೆಗೊನೆ ತುಂಬಿದ ದೋಣಿಯೊಂದು ನಡುಹೊಳೆಯಲ್ಲಿ ಮಗುಚಿತು. ಅದರಲ್ಲಿದ್ದವನು ಹಲಗೆ ಹಿಡಿದು, ದಡದಿಂದ ಕಲ್ಲೆಸೆದರೆ ಮುಟ್ಟುವಷ್ಟು ದೂರದಲ್ಲಿ ತೇಲಿಕೊಂಡು ಹೋದ. ದಡದ ಉದ್ದಕ್ಕೂ ಜನ. ಎಲ್ಲರೂ ಕೂಗಿದೆವು. ಹಗ್ಗದ ಅಂಗಡಿ ನಮ್ಮ ಬೆನ್ನ ಹಿಂದೆಯೇ ಇತ್ತು. ಒಂದು ಸುರುಳಿ ತಂದು ಎಸೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ, ಹೊಳೆದಿದ್ದರೂ ಎಸೆಯಲು ಯಾರಿಗೂ ಬರುತ್ತಿರಲಿಲ್ಲ. ನಮ್ಮ ಕೂಗನ್ನು ಕೇಳುತ್ತ ಕೇಳುತ್ತಲೇ ಅವನು ತಿರುವಿನಲ್ಲಿ ಮರೆಯಾದ. ಆ ದಿನ ಮನೆಗೆ ಹೋಗಿ ನಾನು ಊಟ ಮಾಡಲಿಲ್ಲ. ಇನ್ನೊಮ್ಮೆ ಹೀಗೆ ಬರಿಗೈಯಲ್ಲಿ ನಿಂತು ನೋಡುವುದಿಲ್ಲ ಎಂಬ ಹಟ ಅಂದು ನನ್ನೊಳಗೆ ಕೂತದ್ದು ಈವರೆಗೆ ಎದ್ದಿಲ್ಲ.

ಅದೇ ಹಟ ಇನ್ನು ಕೆಲವರಿಗೂ ಹಿಡಿದಿತ್ತು. ಮಳೆಗಾಲ ಕಳೆದು ಹೊಳೆಯ ನಡುವೆ ಮಳಲು ಎದ್ದ ಮೇಲೆ, ಯುದ್ಧಕ್ಕೆ ಹೋಗಿ ಪಿಂಚಣಿಯೊಂದಿಗೆ ಮರಳಿದ್ದ ಹವಾಲ್ದಾರ್ ದೇಜಪ್ಪಣ್ಣ ಆದಿತ್ಯವಾರ ಬೆಳಿಗ್ಗೆ ಕೈಕಾಲು ಗಟ್ಟಿ ಇರುವವರೆಲ್ಲ ಮಳಲಿಗೆ ಬರಬೇಕೆಂದು ಹೇಳಿಕಳಿಸಿದರು. ಹಾಗೆ ಹುಟ್ಟಿದ್ದು ನಮ್ಮ ನೆರೆದಳ. ಹುರಿಹಗ್ಗ ಮತ್ತು ಉಪ್ಪಿನ ವ್ಯಾಪಾರದ ಮೋನು ಬ್ಯಾರಿ, ನಮಗೆಲ್ಲ ಮೋನಾಕ, ಅಂದು ಬೆನ್ನ ಹಿಂದೆಯೇ ಇದ್ದ ತನ್ನ ಅಂಗಡಿ ನೆನಪಿಗೆ ಬರಲಿಲ್ಲವೆಂದು ಕೊರಗಿ ಕೊರಗಿ, ಎಲ್ಲರಿಗಿಂತ ಮೊದಲು ಹಗ್ಗದ ಸುರುಳಿ ಹೊತ್ತು ಬಂದವನು. ಚಾ ಹೋಟೆಲಿನ ಸೇಸಪ್ಪ ನನ್ನ ಓರಗೆಯವನು. ಬೆಳಗಿನ ವ್ಯಾಪಾರ ಬಿಟ್ಟು ಬರುತ್ತಿದ್ದ. ಇನ್ನೂ ಏಳೆಂಟು ಮಂದಿ ಇದ್ದರು. ಒಣ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಹಗ್ಗದ ತುದಿಗೆ ಕಟ್ಟಿ ಎಸೆಯುವುದು, ಎರಡು ಬಿದಿರು ಒಂದು ಕಂಬಳಿಯಲ್ಲಿ ಮಂಚ ಕಟ್ಟಿ ಮನುಷ್ಯನನ್ನು ಹೊರುವುದು, ಮುಳುಗಿದವನ ಹೊಟ್ಟೆಯ ನೀರು ತೆಗೆಯುವುದು, ಎಲ್ಲವನ್ನೂ ದೇಜಪ್ಪಣ್ಣ ಬೈದು ಬೈದು ಕಲಿಸಿದರು. ನಾನು ಎಸೆದ ಮೊದಲ ತೆಂಗಿನಕಾಯಿ ಹೊಳೆಗೆ ಬೀಳದೆ ಸೇಸಪ್ಪನ ಬೆನ್ನಿಗೆ ಬಿದ್ದುದನ್ನು ಅವನು ತನ್ನ ಹೋಟೆಲಿಗೆ ಬಂದವರಿಗೆಲ್ಲ ಅಂಗಿ ಎತ್ತಿ ತೋರಿಸಿದ್ದಾನೆ.

ಊರಿನವರಿಗೆ ನಾವು ಒಂದು ಪುಕ್ಕಟೆ ನಾಟಕವಾದೆವು. ಒಮ್ಮೆ ಸಿದ್ಧಕಟ್ಟೆಯಿಂದ ಕರೆ ಬಂತೆಂದು ಹಗ್ಗ, ಬಿದಿರು, ಕಂಬಳಿ ಸಮೇತ ಓಡಿಹೋದರೆ ಬಾವಿಯಲ್ಲಿ ಇದ್ದದ್ದು ಒಂದು ಕೋಣ. ಬಿಟ್ಟುಬರಲು ಮನಸ್ಸಾಗದೆ ಬೆವರು ಸುರಿಸಿ ಅದನ್ನು ಮೇಲಕ್ಕೆತ್ತಿದೆವು. ಅದು ಎದ್ದು ಮೈಕೊಡವಿ ಮೋನಾಕನನ್ನೇ ಗದ್ದೆಯ ತುದಿಯವರೆಗೆ ಅಟ್ಟಿಸಿಕೊಂಡು ಹೋಯಿತು. ಆಮೇಲೆ ಪೇಟೆಯಲ್ಲಿ ನಮ್ಮ ಹೆಸರು ಕೋಣದಳ. ದಳ ಕಟ್ಟಿ ಎರಡು ಮಳೆಗಾಲ ಕಳೆದರೂ ನಾವು ಪಾರುಗಾಣಿಸಿದ ಜೀವ ಅದೊಂದೇ ಆದ್ದರಿಂದ ಆ ಹೆಸರಿನ ವಿರುದ್ಧ ವಾದಿಸಲು ನಮ್ಮ ಬಳಿ ಪುರಾವೆಯೂ ಇರಲಿಲ್ಲ.

ಬೇಸಗೆಯಲ್ಲಿ ಹೊಳೆ ಬತ್ತಿದ ಮೇಲೆ ದೇಜಪ್ಪಣ್ಣ ನಮ್ಮನ್ನು ಪದವಿಗೆ, ಎಂದರೆ ಮುರಕಲ್ಲಿನ ಆ ಬೋಳುಗುಡ್ಡಕ್ಕೆ ಒಯ್ದು, ತಪ್ಪಿಹೋದವರನ್ನು ಹುಡುಕುವ ವಿದ್ಯೆ ಕಲಿಸತೊಡಗಿದರು. ಸಾಲಾಗಿ ಹರಡಿಕೊಂಡು ನಡೆಯಬೇಕು. ಒಬ್ಬ ಒಂದೇ ಸಲ ಕೂಗಬೇಕು. ಕೂಡಲೇ ಅವರ ಸೀಟಿ. ಎಲ್ಲರೂ ನಿಂತಲ್ಲೇ ನಿಂತು ಉಸಿರು ಬಿಗಿಹಿಡಿದು ಕೇಳಬೇಕು. ಮತ್ತೆ ನಾಲ್ಕು ಹೆಜ್ಜೆ, ಪಕ್ಕದವನ ಸರದಿ, ಒಂದೇ ಕೂಗು, ಮೌನ. ಕೂಗುವುದು ಅರ್ಧ ವಿದ್ಯೆ, ಕೇಳುವುದು ಇನ್ನರ್ಧ ಎಂಬುದು ಅವರ ಬಲವಾದ ನಂಬಿಕೆ. ಬರ್ಮಾದ ಕಾಡಿನಲ್ಲಿ ತನ್ನ ಜೊತೆಯ ಸಿಪಾಯಿಯೊಬ್ಬನ ಕ್ಷೀಣವಾದ ನರಳಿಕೆ ಇತರರ ಗದ್ದಲದಲ್ಲಿ ಮುಚ್ಚಿಹೋದದ್ದನ್ನು ಅವರು ಒಮ್ಮೆ ಮಾತ್ರ ಹೇಳಿದ್ದರು, ಎರಡನೆಯ ಸಲ ಯಾರೂ ಕೇಳಲಿಲ್ಲ.

ಈ ವಿದ್ಯೆಯಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದವನು ನಾನು. ವರ್ಷಗಟ್ಟಲೆ ಜಗಲಿಯಲ್ಲಿ ನಿಂತು ಪಳಗಿದ ಗಂಟಲು ಒಂದಕ್ಕೆ ನಿಲ್ಲುವುದೇ ಇಲ್ಲ.

"ತ್ಯಾಂಪಣ್ಣ, ಒಂದೇ ಸಲ ಅಂತ ಹೇಳಿದ್ದಲ್ವಾ ನಾನು?" ಎಂದು ದೇಜಪ್ಪಣ್ಣ ಸೀಟಿಯನ್ನು ಬಾಯಿಂದ ತೆಗೆದು ಗದರುತ್ತಿದ್ದರು. "ನೀನು ಮೂರು ಸಲ ಬೊಬ್ಬೆ ಹೊಡೆದ್ರೆ ಅವ ನರಳಿದ್ದು ಯಾರಿಗೆ ಕೇಳುದು? ಇದು ನಿನ್ನ ಕೋರ್ಟಾ?"

"ಅಭ್ಯಾಸ ಬಲ ಹವಾಲ್ದಾರ್ರೇ."

"ಅಭ್ಯಾಸ ಬಿಡಿಸ್ಲಿಕ್ಕೇ ಅಭ್ಯಾಸ ಮಾಡುದು. ಇನ್ನೊಮ್ಮೆ ಹೋಗುವ."

ಬಿಡಿಸಿದರು. ತುಟಿ ಕಚ್ಚಿ, ಮುಷ್ಟಿ ಬಿಗಿದು, ಎರಡನೆಯದನ್ನು ಗಂಟಲಲ್ಲೇ ನುಂಗುವುದನ್ನು ನಾನು ಕಲಿತೆ. ಮುಳ್ಳುಪೊದೆಯ ಹಿಂದೆಯೋ ಕಲ್ಲಿನ ಹೊಂಡದಲ್ಲೋ ನಾವು ಒಬ್ಬನನ್ನು ಅಡಗಿಸಿ ಹುಡುಕುತ್ತಿದ್ದೆವು. ಹೆಚ್ಚಾಗಿ ಆ ಪಾತ್ರ ಮೋನಾಕನದು. ಒಮ್ಮೆ ಅಲ್ಲಿಯೇ ನಿದ್ದೆ ಹೋಗಿ ಗೊರಕೆಯಿಂದ ಸಿಕ್ಕಿಬಿದ್ದದ್ದು ಬಿಟ್ಟರೆ, ಅವನು ಮೊದಲ ಕೂಗಿಗೇ ಚೊಕ್ಕವಾಗಿ ಓಗೊಡುತ್ತಿದ್ದ. ಕೂಗುವವರು ನಾವೇ ಎಂದು ಅವನಿಗೆ ಗೊತ್ತಿತ್ತಲ್ಲ! ಆ ಗೊತ್ತಿರುವಿಕೆಯಲ್ಲಿ ಎಂಥ ದೊಡ್ಡ ಹೊಂಡ ಅಡಗಿದೆಯೆಂದು ನಮಗೆ ಯಾರಿಗೂ ಆಗ ಕಾಣಲಿಲ್ಲ.

ಚಾರ್ಮಾಡಿಯ ಸುದ್ದಿ ಬಂದದ್ದು ಅಂಥದೊಂದು ಆದಿತ್ಯವಾರ, ನಾವೆಲ್ಲ ಮಳಲಿನಲ್ಲಿ ಇರುವಾಗಲೇ. ಬೆಳ್ತಂಗಡಿ ಕಡೆಯಿಂದ ಬಂದ ಮೊದಲ ಬಸ್ಸಿನ ಕಂಡಕ್ಟರು ಹೊಳೆಗಿಳಿದು ಬಂದು ಸೇಸಪ್ಪನನ್ನು ಬದಿಗೆ ಕರೆದು ಹೇಳಿದ. ಸೇಸಪ್ಪನಿಗೆ ಒಬ್ಬಳೇ ತಂಗಿ, ಗಿರಿಜ. ತಂದೆತಾಯಿ ಇಲ್ಲದ ಮನೆಯಲ್ಲಿ ಅವನೇ ಸಾಕಿ, ಹಿಂದಿನ ವರ್ಷವಷ್ಟೇ ಚಾರ್ಮಾಡಿಯ ಬಾಬು ಎಂಬ ಒಳ್ಳೆಯ ಹುಡುಗನಿಗೆ ಧಾರೆಯೆರೆದು ಕೊಟ್ಟಿದ್ದ. ಹಿಂದಿನ ದಿನ ಮಧ್ಯಾಹ್ನ ಸೀಗೆಕಾಯಿ ಕೊಯ್ಯಲು ಒಬ್ಬಳೇ ಕಾಡಿಗೆ ಹೋದವಳು ಮರಳಿ ಬಂದಿರಲಿಲ್ಲ. ಊರವರು ಕತ್ತಲಾಗುವವರೆಗೆ ಹುಡುಕಿದ್ದರು. ಸೇಸಪ್ಪ ಅದನ್ನು ನಮಗೆ ಹೇಳುವಾಗ ಅವನ ಕೈಯಲ್ಲಿ ಹಗ್ಗದ ತುದಿಯ ತೆಂಗಿನಕಾಯಿ ಹಾಗೆಯೇ ಇತ್ತು.

"ಹೋಗುವ" ಎಂದರು ದೇಜಪ್ಪಣ್ಣ.

ಮೋನಾಕನ ಉಪ್ಪಿನ ಲಾರಿಯ ಮೂಟೆಗಳನ್ನು ಅಲ್ಲೇ ಇಳಿಸಿ ನಾವು ಹತ್ತಿದೆವು. ಬೆಳ್ತಂಗಡಿ ದಾಟಿ, ಧರ್ಮಸ್ಥಳಕ್ಕೆ ತಿರುಗುವ ಉಜಿರೆಯಲ್ಲಿ ಸೇಸಪ್ಪ ಲಾರಿಯಲ್ಲೇ ಎದ್ದು ನಿಂತು ಆ ದಿಕ್ಕಿಗೆ ಕೈಮುಗಿದ. ಚಾರ್ಮಾಡಿ ಮುಟ್ಟಿದಾಗ ಬಿಸಿಲು ಏರಿತ್ತು. ಗಿರಿಜ ಯಾವಾಗಲೂ ಹೋಗುತ್ತಿದ್ದುದು ಘಾಟಿ ರಸ್ತೆಯ ಮಗ್ಗುಲಿನ ಕಾಡಿಗಂತೆ. ಗಂಡ ಬಾಬುವೂ ಊರವರೂ ಅದನ್ನೇ ಮತ್ತೆ ಸೋಸುತ್ತಿದ್ದರು. ಹೊಳೆಯಾಚೆಯ ಗುಡ್ಡ ನಮ್ಮ ಪಾಲಿಗೆ ಬಂತು.

ಅಂದು ನಮ್ಮ ದಳ ದುಡಿದಷ್ಟು ಚೊಕ್ಕವಾಗಿ ಅಭ್ಯಾಸದಲ್ಲಿ ಎಂದೂ ದುಡಿದಿರಲಿಲ್ಲ. ಸಾಲು ಮುರಿಯಲಿಲ್ಲ, ಒಬ್ಬನ ಕಣ್ಣಿನಿಂದ ಇನ್ನೊಬ್ಬ ತಪ್ಪಲಿಲ್ಲ. ಗುಡ್ಡದ ಬುಡದಿಂದ ಸೇಸಪ್ಪ "ಗಿರಿಜಾ" ಎಂದ, ಒಂದೇ ಸಲ. ಸೀಟಿ. ಮೌನ. ಕಾಡೆಂಬುದು ನಾವು ಎಣಿಸಿದಷ್ಟು ಸುಮ್ಮನಿರುವುದಿಲ್ಲ; ಎಲೆ ಬೀಳುವುದು, ಮಂಗಟ್ಟೆ ಹಕ್ಕಿ ರೆಕ್ಕೆ ಬಡಿಯುವುದು, ಎಲ್ಲೋ ನೀರು ಜಿನುಗುವುದು, ಒಂದೊಂದನ್ನೂ ಬಿಡಿಸಿ ಬಿಡಿಸಿ ಕೇಳಿದೆವು. ನಾಲ್ಕು ಹೆಜ್ಜೆ. ಎಡತುದಿಯಿಂದ ಮೋನಾಕನ ಒಂದು ಕೂಗು. ಸೀಟಿ. ಮತ್ತೆ ಬಲಗಡೆಯಿಂದ ನನ್ನದು, ಎರಡನೆಯದನ್ನು ನುಂಗಿಕೊಂಡು. ಹೀಗೆ ನೆತ್ತಿಯವರೆಗೂ ಹತ್ತಿ, ಇನ್ನೊಂದು ಮಗ್ಗುಲಿನಿಂದ ತೊರೆಗೆ ಇಳಿಯುವಾಗ ನಡುಮಧ್ಯಾಹ್ನವಾಯಿತು. ಒಂದು ನರಳಿಕೆಯೂ ಕೇಳಲಿಲ್ಲ.

ತೊರೆಯ ಬಂಡೆಯ ಮೇಲೆ ಕುಳಿತು ಅವಲಕ್ಕಿ ಬೆಲ್ಲ ಬಿಚ್ಚಿದೆವು. ಸೇಸಪ್ಪ ಮುಟ್ಟಲಿಲ್ಲ. ನೀರಿಲ್ಲದೆ ಒಂದು ಹಗಲು ಒಂದು ರಾತ್ರಿ ಕಳೆದ ಜೀವ ಇನ್ನೊಂದು ರಾತ್ರಿ ಕಳೆಯುವುದು ಕಷ್ಟವೆಂದು ಎಲ್ಲರಿಗೂ ಗೊತ್ತಿತ್ತು. ದೇಜಪ್ಪಣ್ಣ ಬೀಡಿ ಹಚ್ಚಿ, ಆರಿಸಿ, ಕೊನೆಗೆ ಹೇಳಿದರು: "ಈ ಗುಡ್ಡದಲ್ಲಿ ಇಲ್ಲ ಸೇಸಪ್ಪ. ಇದ್ದಿದ್ರೆ ಕೇಳ್ತಿತ್ತು. ಇದನ್ನು ಬಿಟ್ಟು ಘಾಟಿಯ ಕಡೆ ಹೋಗುವ, ಅವರ ಜೊತೆ ಸೇರುವ."

ಹೇಳಿದ್ದು ನ್ಯಾಯವಾಗಿಯೇ ಇತ್ತು. ನಾವು ಎದ್ದೆವು. ಮೋನಾಕ ಮಾತ್ರ ಮುಖ ತೊಳೆಯಲೆಂದು ತೊರೆಯ ತಿರುವಿನಾಚೆ ಹೋಗಿದ್ದವನು ಬಂದಿರಲಿಲ್ಲ.

"ಮೋನಾಕಾ!" ಎಂದು ಸೇಸಪ್ಪ ಕರೆದ. ಉತ್ತರವಿಲ್ಲ. "ಮೋನಾಕಾ!" ಆಗಲೂ ಇಲ್ಲ. ಅವನ ಎದೆಯೊಳಗೆ ಬೆಳಗಿನಿಂದ ಕಟ್ಟಿಕೊಂಡದ್ದೆಲ್ಲ ಸಿಟ್ಟಾಗಿ ಹೊರಬಂತು. "ಮೋನಾಕಾ!" ಎಂದು ಅವನು ಕಿರುಚಿದ.

"ಓಯ್" ಎನ್ನುತ್ತ ಮೋನಾಕ ತಿರುವಿನಿಂದ ಕಾಣಿಸಿಕೊಂಡ. ನಾವು ಕುಳಿತಲ್ಲಿಂದ ಅವನಿದ್ದ ಜಾಗಕ್ಕೆ ಕೂಗುವುದು ಬೇಡ, ಪಿಸುಗುಟ್ಟಿದರೆ ಸಾಕಿತ್ತು.

"ಕಿವಿ ಕೇಳುದಿಲ್ವಾ ನಿಮಗೆ?" ಸೇಸಪ್ಪ ಅವನ ಎದುರಿಗೇ ಹೋಗಿ ನಿಂತ. "ಎಷ್ಟು ಸಲ ಕರೀಬೇಕು?"

"ಮೊದಲನೇ ಸಲವೇ ಕೇಳಿತು ಮಾರಾಯ" ಎಂದ ಮೋನಾಕ, ತಲೆವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತ, ಬಹಳ ಸಹಜವಾಗಿ. "ಕಾಡಿನಲ್ಲಿ, ಈ ಹೊತ್ತಿಗೆ, ಒಂದು ಕರೆಗೆ ಓಗೊಡ್ಲಿಕ್ಕೆ ನನ್ನ ಉಮ್ಮ ನನಗೆ ಕಲಿಸಲಿಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಅವನ ಕೈ ಮುಖದ ಮೇಲೆಯೇ ನಿಂತುಬಿಟ್ಟಿತು.

ಆಗ ನನ್ನ ಕಣ್ಣಮುಂದೆ ಬಂದದ್ದು ನಮ್ಮ ಬಚ್ಚಲಿನ ಬಾಗಿಲ ಸಂದಿ. ಬೈರಾಸು ಹಿಡಿದು, ಉಸಿರೆತ್ತದೆ, ಬಾಗಿಲ ಆಚೆ ಕಾಯುತ್ತ ನಿಂತ ಒಬ್ಬಳು. ಬೆಳಗಿನಿಂದ ನಾವು ಆ ಗುಡ್ಡದಲ್ಲಿ ಮಾಡಿದ್ದೇನು? ಮೂಡಣದಿಂದ ಒಂದು ಸ್ವರ, ಒಂದೇ ಸಲ. ಪಡುವಣದಿಂದ ಇನ್ನೊಂದು ಸ್ವರ, ಒಂದೇ ಸಲ. ನಡುನಡುವೆ ಒಂದು ಸೀಟಿ, ಆಮೇಲೆ ಹೆಜ್ಜೆಯ ಸಪ್ಪಳವೂ ಇಲ್ಲದ ಮೌನ. ನಮ್ಮ ನೆಲದಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳನ್ನು ಬಾಯಿ ಮುಚ್ಚಿಸಲು ಇದಕ್ಕಿಂತ ಉತ್ತಮವಾದ ಉಪಾಯವನ್ನು ಹತ್ತು ಮಂದಿ ಕುಳಿತು ಯೋಚಿಸಿದರೂ ಕಂಡುಹಿಡಿಯಲಾಗದು. ನಾವು ಅದನ್ನು ಪದವಿನಲ್ಲಿ ಬೆವರು ಸುರಿಸಿ ಅಭ್ಯಾಸ ಮಾಡಿಕೊಂಡು ಬಂದಿದ್ದೆವು.

"ಹವಾಲ್ದಾರ್ರೇ, ನಾನು ಘಾಟಿಯ ಕಡೆ ಬರುದಿಲ್ಲ" ಎಂದೆ. ಅವರಿಗೆ ಎದುರಾಡಿದ್ದು ಅದೇ ಮೊದಲು. "ಈ ಗುಡ್ಡವನ್ನು ಬುಡದಿಂದ ಇನ್ನೊಮ್ಮೆ ಕರೀಬೇಕು. ಒಬ್ಬನೇ ಕರೀಬೇಕು, ನಿಂತಲ್ಲಿಂದ ಮೂರು ಸಲ."

"ಗದ್ದಲ ಆಗ್ತದೆ ತ್ಯಾಂಪಣ್ಣ. ಅವಳಲ್ಲಿ ಶಕ್ತಿ ಎಷ್ಟು ಉಳಿದಿದೆಯೋ. ನಮ್ಮ ಬೊಬ್ಬೆಯಲ್ಲಿ ಅವಳ ಸ್ವರ ಮುಚ್ಚಿಹೋದ್ರೆ?" ಅವರು ಹಟಕ್ಕೆ ಹೇಳಲಿಲ್ಲ, ಬರ್ಮಾದ ಆ ಸಿಪಾಯಿ ಅವರ ಕಣ್ಣಲ್ಲಿದ್ದ.

"ಮೂರು ಆದ ಮೇಲೆ ಸೀಟಿ ಊದಿ. ಆಮೇಲೆ ಎಷ್ಟು ಹೊತ್ತು ಬೇಕಾದ್ರೂ ಕೇಳುವ. ಅವಳು ಮೂರನೆಯದಕ್ಕೆ ಮೊದಲು ಹೇಗೂ ಮಾತಾಡುದಿಲ್ಲ."

ದೇಜಪ್ಪಣ್ಣ ಸೇಸಪ್ಪನ ಮುಖ ನೋಡಿದರು. ಸೇಸಪ್ಪ ನನ್ನ ಕೈ ಹಿಡಿದುಕೊಂಡ. "ಇವತ್ತು ಕೋರ್ಟಿನ ಕಾನೂನು" ಎಂದು ಹೇಳಿ ಅವರು ಸೀಟಿಯನ್ನು ಬಾಯಿಗಿಟ್ಟರು. ನಾವು ಗುಡ್ಡದ ಬುಡಕ್ಕೆ ಇಳಿದೆವು.

ನಾನು ಒಂದು ಬಂಡೆ ಹತ್ತಿ ನಿಂತೆ. ಬರಿದೇ ಹೆಸರು ಕರೆಯಲು ನನಗೆ ಧೈರ್ಯ ಸಾಲಲಿಲ್ಲ. ಹೆಸರನ್ನು ಕುಲೆಗಳೂ ಕರೆಯುತ್ತವೆ. ಆದ್ದರಿಂದ ಜಗಲಿಯಲ್ಲಿ ಕರೆಯುವಂತೆಯೇ, ಗಂಡನ ಹೆಸರನ್ನೂ ಊರನ್ನೂ ಸೇರಿಸಿ, ಎಳೆದು ಕೂಗಿದೆ. "ಚಾರ್ಮಾಡಿಯ ಬಾಬುವಿನ ಹೆಂಡತಿ ಗಿರಿಜಾ! ಚಾರ್ಮಾಡಿಯ ಬಾಬುವಿನ ಹೆಂಡತಿ ಗಿರಿಜಾ! ಚಾರ್ಮಾಡಿಯ ಬಾಬುವಿನ ಹೆಂಡತಿ ಗಿರಿಜಾ ಹಾಜರಿದ್ದಾರಾ?" ಸೀಟಿ. ಮೌನ. ಏನೂ ಇಲ್ಲ. ಸ್ವಲ್ಪ ಮೇಲೆ ಹತ್ತಿ, ಮತ್ತೆ ನಿಂತು, ಮತ್ತೆ ಮೂರು. ಏನೂ ಇಲ್ಲ. ಎಷ್ಟು ಬಂಡೆಗಳ ಮೇಲೆ ನಿಂತೆನೋ, ಎಷ್ಟು ಸಲ ಆ ಹೆಸರನ್ನು ಕರೆದೆನೋ ನೆನಪಿಲ್ಲ. ಗಂಟಲಲ್ಲಿ ರಕ್ತದ ರುಚಿ ಬಂದದ್ದು ನೆನಪಿದೆ. ಮೋನಾಕ ಕೊಟ್ಟ ಬೆಲ್ಲದ ಚೂರನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಕೂಗಿದೆ. ನನ್ನ ಕರೆಗೆ ಇಷ್ಟು ದಿನ ಬಿಳುಚಿ ಎದ್ದುಬಂದವರೆಲ್ಲ ಇದ್ದರೂ ಇರಲಿ, ಇವಳೊಬ್ಬಳು ನೆರಳಿನಿಂದ ಎದ್ದುಬರಲಿ ಎಂದು ಕೂಗಿದೆ.

ನೆತ್ತಿ ಇನ್ನು ದೂರವಿಲ್ಲ ಎನ್ನುವಾಗ, ಸೀಟಿಯ ನಂತರದ ಮೌನದೊಳಗೆ, ನಮ್ಮ ಕಾಲಡಿಯಿಂದಲೇ ಎನ್ನುವ ಹಾಗೆ ಒಂದು ಒಡಕು ಸ್ವರ ಬಂತು. ತುಳುವಿನ ಒಂದೇ ಶಬ್ದ: "ಉಲ್ಲೆ." ಇದ್ದೇನೆ ಎಂದರ್ಥ.

ಸೇಸಪ್ಪ ಓಡಿದ. ದೇಜಪ್ಪಣ್ಣ ಅವನ ಅಂಗಿ ಹಿಡಿದು ನಿಲ್ಲಿಸದಿದ್ದರೆ ಅವನೂ ಅವಳು ಬಿದ್ದಲ್ಲಿಗೇ ಬೀಳುತ್ತಿದ್ದ. ಸೀಗೆಬಳ್ಳಿ ಮುಚ್ಚಿದ ಆಳವಾದ ಕೊರಕಲು ಅದು. ಬೆಳಿಗ್ಗೆ ನಮ್ಮ ಸಾಲು ಅದರ ಅಂಚಿನಲ್ಲೇ ದಾಟಿಹೋಗಿತ್ತು. ಮುಂದಿನದಕ್ಕೆಲ್ಲ ನಾವು ಯೋಚಿಸಲೇ ಇಲ್ಲ, ಕೈಗಳೇ ಮಾಡಿದವು. ಮೋನಾಕ ಹಗ್ಗವನ್ನು ಮರಕ್ಕೆ ಬಿಗಿದ, ಸೇಸಪ್ಪ ಇಳಿದ, ಬಿದಿರು ಕಂಬಳಿಯ ಮಂಚ ಅವನ ಹಿಂದೆ ಇಳಿಯಿತು. ಸಿದ್ಧಕಟ್ಟೆಯ ಕೋಣವನ್ನು ಎಳೆದ ಅದೇ ಜಾಣ್ಮೆಯಿಂದ, ಅದಕ್ಕಿಂತ ಎಷ್ಟೋ ಪಾಲು ನಾಜೂಕಾಗಿ, ಮೊಣಕಾಲಿನ ಕೆಳಗೆ ಮುರಿದು ಊದಿಕೊಂಡಿದ್ದ ಕಾಲು ಅಲುಗದಂತೆ ಅವಳನ್ನು ಮೇಲಕ್ಕೆ ತಂದೆವು. ಬಟ್ಟೆಯ ತುದಿಯನ್ನು ನೀರಲ್ಲಿ ಅದ್ದಿ ದೇಜಪ್ಪಣ್ಣ ಅವಳ ತುಟಿಗೆ ಹಿಂಡುತ್ತಿದ್ದರು.

"ಬೆಳಿಗ್ಗೆ ನಾನು ಕರೆದದ್ದು ಕೇಳಲಿಲ್ವಾ ತಂಗೀ?" ಎಂದು ಸೇಸಪ್ಪ ಕೇಳಿದ.

"ಕೇಳಿತು ಅಣ್ಣ" ಎಂದಳು. "ನೀನು ಬಂಟ್ವಾಳದಲ್ಲಿ ಹೋಟೆಲಿನಲ್ಲಿ ಇರಬೇಕಾದವ. ಇಲ್ಲಿ ಕಾಡಿನಲ್ಲಿ ನಿನ್ನ ಸ್ವರ, ಅದೂ ಒಂದೇ ಸಲ. ನಾನು ಸ್ವರ ಹೊರಗೆ ಬರದ ಹಾಗೆ ಸೆರಗು ಬಾಯಿಗೆ ತುರುಕಿಕೊಂಡು ಕೂತೆ." ನನ್ನ ಕಡೆ ನೋಡಿದಳು. "ಆಮೇಲೆ ಇವರು ಕರೆದರು. ಹಾಜರಿದ್ದಾರಾ ಅಂತ ಕೇಳಿದರು. ಕುಲೆಗಳು ಹಾಗೆಲ್ಲ ಕೇಳುದಿಲ್ಲ ಅಂತ ಧೈರ್ಯ ಬಂತು."

ಸೇಸಪ್ಪ ನಕ್ಕನೋ ಅತ್ತನೋ, ಎರಡೂ ಒಟ್ಟಿಗೇ ಇರಬೇಕು. ನನ್ನ ಮಟ್ಟಿಗೆ ಹೇಳುವುದಾದರೆ ನಾನು ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಅದಾದ ಮೇಲೆ ಕೆಲವು ಬೇಸಗೆಗಳು ಕಳೆದಿವೆ. ಗಿರಿಜ ಸ್ವಲ್ಪ ಕುಂಟುತ್ತಾಳೆ, ಸೀಗೆಕಾಯಿಗೆ ಈಗಲೂ ಹೋಗುತ್ತಾಳೆ, ಒಬ್ಬಳೇ ಹೋಗುವುದಿಲ್ಲ. ನಮ್ಮ ದಳ ಆದಿತ್ಯವಾರ ಈಗಲೂ ಮಳಲಿಗೆ ಹೋಗುತ್ತದೆ. ಪೇಟೆಯಲ್ಲಿ ಈಗಲೂ ಕೋಣದಳವೇ, ಆದರೆ ಹಾಗೆ ಕರೆಯುವವರು ಜೊತೆಗೆ ಒಂದು ಚಾ ಕುಡಿಸುತ್ತಾರೆ. ದೇಜಪ್ಪಣ್ಣ ತಮ್ಮ ಕ್ರಮವನ್ನು ತಿದ್ದಿದರು: ಒಂದೇ ಸ್ವರ, ಒಂದೇ ಜಾಗ, ಮೂರು ಕೂಗು, ಆಮೇಲೆ ನಿಜವಾದ ಮೌನ. ಅವರ ಮೌನವೂ ಬೇಕಾಗಿತ್ತೆಂಬುದನ್ನು ನಾನು ಮರೆತಿಲ್ಲ. ಅದಿಲ್ಲದಿದ್ದರೆ ಆ ಒಡಕು ಸ್ವರ ನಮ್ಮ ಗದ್ದಲದಲ್ಲೇ ಮುಳುಗಿಹೋಗುತ್ತಿತ್ತು.

ಕುಲೆ ಇದೆಯೋ ಇಲ್ಲವೋ ನನಗೆ ತಿಳಿಯದು. ಆದರೆ ಆ ಹಳೆಯ ಪಾಠವನ್ನು ಮಾಡಿದವರು ಪ್ರೇತಗಳಿಗಿಂತ ಮನುಷ್ಯರನ್ನೇ ಹೆಚ್ಚು ಬಲ್ಲವರಿರಬೇಕೆಂದು ಈಚೆಗೆ ಅನ್ನಿಸುತ್ತಿದೆ. ನಾವು ದಿನವೂ ಎಷ್ಟು ಮಂದಿಯನ್ನು ಒಂದೇ ಸಲ ಕರೆಯುತ್ತೇವೆ! ದಾರಿಯಲ್ಲಿ ಸಿಕ್ಕವರನ್ನು ಮನೆಗೆ ಬನ್ನಿ ಎನ್ನುತ್ತೇವೆ, ಹಾಸಿಗೆ ಹಿಡಿದವರ ಹತ್ತಿರ ಏನಾದರೂ ಬೇಕಾದರೆ ಹೇಳಿ ಎನ್ನುತ್ತೇವೆ, ಹೇಳಿ ಮುಗಿಯುವಷ್ಟರಲ್ಲಿ ಚಪ್ಪಲಿ ಮೆಟ್ಟಿರುತ್ತೇವೆ. ಒಂದು ಸಲ ಕರೆದವನು ಹೋಗಿಬಿಟ್ಟಿರಬಹುದು. ಹೊಂಡದಲ್ಲಿ ಬಿದ್ದವರಿಗೆ ಅದು ಗೊತ್ತು. ಉಳಿದ ಅಷ್ಟಿಷ್ಟು ಉಸಿರನ್ನು ಅವರು ಹೋಗಿಬಿಡುವವರ ಮೇಲೆ ಖರ್ಚು ಮಾಡಲಾರರು. ಮೂರನೆಯ ಸಲವೂ ಕರೆದವನು ಅಲ್ಲಿಯೇ ನಿಂತಿದ್ದಾನೆ, ಉತ್ತರ ಬಾರದೆ ಹೋಗುವವನಲ್ಲ ಎಂದು ನಂಬಬಹುದು. ಮಗುಚಿದ ದೋಣಿಯವನಿಗೆ ನಾವು ಆ ನಂಬಿಕೆ ಕೊಡಲಿಲ್ಲ. ಅವನ ನೆನಪಿಗೆ ನಾನು ಮಾಡಬಲ್ಲದ್ದು ಇಷ್ಟೇ: ಮುಂದಿನ ಕೂಗು ಬಂದಾಗ ಹಗ್ಗ ಹೆಗಲಿಗೇರಿಸಿ ಹೊರಡುವುದು, ಓಗೊಡುವವರೆಗೂ ಕರೆಯುವುದು.

ಬಚ್ಚಲಿನ ಜಗಳ ನಿಂತಿದೆ. ಬೈರಾಸು ಮರೆಯುವುದು ನಿಂತಿಲ್ಲ. ನಾನು ಈಗ ರೇಗದೆ ಮೂರು ಸಲ ಕರೆಯುತ್ತೇನೆ, ಮೊದಲ ಕರೆಗೇ ಬಾಗಿಲಾಚೆ ಬಂದು ನಿಂತವಳ ಬಳೆಯ ಸದ್ದನ್ನೂ ಕೇಳಿಸಿಕೊಳ್ಳುತ್ತೇನೆ. ಇಷ್ಟು ವರ್ಷ ನನ್ನದೇ ಬೊಬ್ಬೆಯಲ್ಲಿ ಅದು ನನಗೆ ಕೇಳಿರಲಿಲ್ಲ.

ಮನೆಯ ಜಗಲಿಯಲ್ಲಿ ಕುಳಿತು ಇದನ್ನು ಬರೆಯುತ್ತಿರುವಾಗ ಒಳಗೆ ಊಟಕ್ಕೆ ಮಣೆ ಹಾಕಿದ ಸದ್ದಾಯಿತು. ಗಂಡನ ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ, ಊರಿನ ಹೆಸರುಗಳನ್ನೆಲ್ಲ ಕೂಗುವ ನನ್ನನ್ನು ಮನೆಯಲ್ಲಿ ಕರೆಯುವುದು "ಕೇಳಿತಾ?" ಎಂದು. "ಕೇಳಿತಾ?" ಎಂದಳು ವಾರಿಜ. ಕೇಳಿತು. ಲೇಖನಿ ಕೆಳಗಿಟ್ಟೆ, ಕನ್ನಡಕ ತೆಗೆದೆ. ಬಾಗಿಲ ಹತ್ತಿರ ಬಂದು "ಕೇಳಿತಾ?" ಎಂದಳು. ಎದ್ದು ನಿಂತೆ, ಉಸಿರೆತ್ತಲಿಲ್ಲ. ಹೊಸಿಲು ದಾಟಿ ನನ್ನೆದುರಿಗೇ ಬಂದು, ಸೊಂಟಕ್ಕೆ ಕೈಯಿಟ್ಟು, ಮೂರನೆಯ ಸಲ "ಕೇಳಿತಾ?" ಎಂದಳು.

"ಉಲ್ಲೆ" ಎಂದೆ.